ಮಳೆಗೆ ಬೀಳುವ ಆರ್‌ಸಿಸಿಬಿ

ಪ್ರಶ್ನೆ: ನಮ್ಮ ಹಳೆಯ ಮನೆಯ ಫ್ಯೂಸ್ ಬೋರ್ಡ್ ತೆಗೆದು, ಎಂಸಿಬಿ (ಕರೆಂಟು ಮಿತಿ ಮೀರಿದರೆ ಕಡಿಯುವ ಸ್ವಿಚ್) ಮತ್ತು ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್) ಇರುವ ಹೊಸ ಡಿಬಿ (ಕರೆಂಟು ಹಂಚುವ ಪೆಟ್ಟಿಗೆ) ಹಾಕಿಸಿದ್ದೇವೆ. ಮಳೆ ಹಿಡಿದಾಗಲೆಲ್ಲ ಆರ್‌ಸಿಸಿಬಿ ಬೀಳುತ್ತದೆ, ಅಂದರೆ ತಾನಾಗಿ ಆಫ್ ಆಗುತ್ತದೆ. ಅದನ್ನು ತೆಗೆಸಿಬಿಡಿ ಎಂದು ಕೆಲಸದವರು ಹೇಳುತ್ತಾರೆ. ಪರೀಕ್ಷೆಯ ವರದಿಯನ್ನೂ ಕೊಟ್ಟಿಲ್ಲ. ಏನು ಮಾಡಲಿ?
– ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ದಯವಿಟ್ಟು ತೆಗೆಸಬೇಡಿ. ಫೇಸ್ ತಂತಿಯಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಹಿಂದಿರುಗದೆ ಎಲ್ಲೋ ಸೋರಿದಾಗ ಸಂಪರ್ಕ ಕಡಿಯುವುದೇ ಆರ್‌ಸಿಸಿಬಿಯ ಕೆಲಸ. ಮನೆಗಳಿಗೆ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪಿಯರ್ ಸೋರಿದರೆ ಬೀಳುವಂಥದು. ಹಳೆಯ ಫ್ಯೂಸ್‌ಗೆ ಕಾಣದಿದ್ದ ಸೋರಿಕೆಯನ್ನು ಅದು ಈಗ ತೋರಿಸುತ್ತಿರಬಹುದು.

ಮೇನ್ ಆಫ್ ಮಾಡಿಸಿ, ಬಲ್ಬು, ಗೀಸರ್, ಪಂಪುಗಳನ್ನೆಲ್ಲ ಬಿಡಿಸಿದ ಮೇಲೆ, ಒಂದೊಂದೇ ಸರ್ಕ್ಯೂಟಿನ ಫೇಸ್, ನ್ಯೂಟ್ರಲ್ ತಂತಿಗಳಿಗೂ ಅರ್ತ್‌ಗೂ ನಡುವೆ 500 ವೋಲ್ಟ್ ಮೆಗ್ಗರ್‌ನಿಂದ (ತಂತಿಯ ಹೊದಿಕೆಯ ನಿರೋಧ ಅಳೆಯುವ ಉಪಕರಣ) ಅಳೆಸಿರಿ; ಕನಿಷ್ಠ 1 ಮೆಗಾಓಮ್ ಇರಬೇಕು. ಕೊಡಗಿನಲ್ಲಿ ಈ ಅಳತೆಯನ್ನು ಜನವರಿಯ ಒಣಹವೆಯಲ್ಲಿ ಮಾತ್ರ ಮಾಡಿದರೆ ಸಾಲದು. ಜುಲೈಯಲ್ಲಿ ಗೋಡೆ ತೇವ ಹೀರಿ, ಮರದ ಪಟ್ಟಿಯೊಳಗಿನ ಹಳೆಯ ಜಾಯಿಂಟಿನ ಟೇಪು ಒದ್ದೆಯಾಗಿರುವಾಗಲೇ ದೋಷ ಸಿಕ್ಕೀತು. ಮೊದಲು ಹೊರಗಿನ ದೀಪ, ಬಚ್ಚಲುಮನೆ, ಬಾವಿಯ ಪಂಪಿನ ಲೈನುಗಳನ್ನು ನೋಡಿಸಿ.

ಟೆಸ್ಟ್ ಬಟನ್ ಒತ್ತಿದಾಗ ಆರ್‌ಸಿಸಿಬಿ ಬಿದ್ದರೆ ಅದರ ಯಂತ್ರ ಸರಿಯಿದೆ ಎಂದಷ್ಟೇ ಅರ್ಥ, ಅರ್ತ್ ಸರಿಯಿದೆ ಎಂದಲ್ಲ. ಅರ್ತ್‌ನ ಪ್ರತಿರೋಧವನ್ನು ಬೇರೆಯಾಗಿಯೇ ಅಳೆಯಬೇಕು. ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರಿಂದ ಇವನ್ನೆಲ್ಲ ಮಾಡಿಸಿ, "ಸರಿಯಿದೆ" ಎಂಬ ಒಂದು ಮಾತಿಗೆ ತೃಪ್ತರಾಗದೆ, ಪ್ರತಿ ಸರ್ಕ್ಯೂಟಿನ ಅಳತೆ, ದಿನಾಂಕ, ಲೈಸೆನ್ಸ್ ಸಂಖ್ಯೆ ಮತ್ತು ಸಹಿ ಇರುವ ವರದಿಯನ್ನು ಕೇಳಿ ಪಡೆಯಿರಿ.