ಗೈಡ್ ಒಪ್ಪಿದರೆ ಸಾಲದು, ಸಮಯವೂ ಸಿಗಬೇಕು

ಪತ್ರ: ಎಂ.ಡಿ. ಮುಗಿಸಿ ಕೋಲಾರದಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿದ್ದೇನೆ. ಇಲ್ಲಿಯ ಫ್ಲೋರೈಡ್ ನೀರಿಗೂ ಕಿಡ್ನಿ ಕಾಯಿಲೆಗೂ ನಂಟಿದೆಯೇ ಎಂದು ಅಧ್ಯಯನ ಮಾಡುವ ಆಸೆ. ಹಿರಿಯರೊಬ್ಬರು ಗೈಡ್ ಆಗಲು ಒಪ್ಪಿದ್ದಾರೆ, ಆದರೆ ಅವರಿಗೆ ಪುರುಸೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
– ಯುವ ವೈದ್ಯೆ, ಕೋಲಾರ

ಸಂಪಾದಕರ ಉತ್ತರ:

ಡಾಕ್ಟರೇ, ನೀವು ಕೇಳುತ್ತಿರುವುದು ಈ ಜಿಲ್ಲೆಗೆ ನಿಜಕ್ಕೂ ಬೇಕಾದ ಪ್ರಶ್ನೆ. ಆದರೆ ಒಬ್ಬ ಗೈಡ್‌ನಿಂದ ಆಗುವ ಕೆಲಸ ಇದಲ್ಲ. ಕಿಡ್ನಿ ರೋಗ ಬಲ್ಲವರು, ಬಯೋಕೆಮಿಸ್ಟ್ರಿಯವರು, ಸ್ಟಾಟಿಸ್ಟಿಕ್ಸ್ ಗೊತ್ತಿರುವವರು, ಹೀಗೆ ಮೂವರು ಬೇಕು. ಮೊದಲ ಸ್ಯಾಂಪಲ್ ತೆಗೆಯುವ ಮುಂಚೆಯೇ ಮೂವರನ್ನೂ ಒಟ್ಟಿಗೆ ಕೂರಿಸಿ. ಡೇಟಾ ಕೈಗೆ ಬಂದ ಮೇಲೆ ಸ್ಟಾಟಿಸ್ಟಿಷಿಯನ್ ಬಾಗಿಲು ತಟ್ಟಿದರೆ ತಿದ್ದಲು ಏನೂ ಉಳಿದಿರುವುದಿಲ್ಲ.

ನಿಮ್ಮ ವಿಷಯವನ್ನೇ ನೋಡಿ. ರೋಗಿಗಳ ಮೂತ್ರದ ಫ್ಲೋರೈಡನ್ನು ಆರೋಗ್ಯವಂತರದಕ್ಕೆ ಹೋಲಿಸಲು ಹೊರಟರೆ ಎಡವುತ್ತೀರಿ. ಫ್ಲೋರೈಡನ್ನು ಹೊರಹಾಕುವುದೇ ಮುಖ್ಯವಾಗಿ ಕಿಡ್ನಿ. ಅದು ಸೋತಾಗ ಮೂತ್ರದಲ್ಲಿ ಫ್ಲೋರೈಡ್ ಇಳಿದು ರಕ್ತದಲ್ಲಿ ಏರುತ್ತದೆ. ಮೂತ್ರ ನೋಡಿದರೆ ರೋಗಿ ಕಡಿಮೆ ಫ್ಲೋರೈಡ್ ಕುಡಿದಂತೆ, ರಕ್ತ ನೋಡಿದರೆ ಹೆಚ್ಚು ಕುಡಿದಂತೆ ಕಾಣುತ್ತದೆ. ಕಾಯಿಲೆಯ ಪರಿಣಾಮವನ್ನೇ ಕಾರಣವೆಂದು ಬರೆದುಬಿಡುವ ಅಪಾಯ ಇಲ್ಲಿದೆ. ನೀರಿನದೂ ಇದೇ ತೊಡಕು. ಈಗ ಮನೆಯಲ್ಲಿರುವುದು ಶುದ್ಧ ನೀರಿನ ಘಟಕದ ಕ್ಯಾನ್, ವರ್ಷಗಟ್ಟಲೆ ಕುಡಿದದ್ದು ಕೊಳವೆಬಾವಿಯದು. ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಹಾಕಿದ ಫ್ಲೋರೈಡ್ ಮಿತಿ (ಲೀಟರಿಗೆ 1 ಮಿ.ಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5) ಇಟ್ಟು ಅಳೆಯಬೇಕಾದದ್ದು ಆ ಹಳೆಯ ನೀರನ್ನು. ಯಾವ ಬಾವಿ, ಎಷ್ಟು ವರ್ಷ ಎಂಬುದು ಪ್ರಶ್ನಾವಳಿಯಲ್ಲಿ ಇರಲೇಬೇಕು.

ಸ್ಯಾಂಪಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲೇ ಹಿಡಿಯಿರಿ, ಗಾಜು ಬೇಡ. ಎಲೆಕ್ಟ್ರೋಡ್‌ನಲ್ಲಿ ಅಳೆಯುವ ಮುನ್ನ ಟಿಸಾಬ್ ಬಫರ್ (ಅಂಟಿಕೊಂಡ ಫ್ಲೋರೈಡನ್ನು ಬಿಡಿಸುವ ದ್ರಾವಣ) ಸೇರಿಸದಿದ್ದರೆ ಅಲ್ಯೂಮಿನಿಯಂ, ಕಬ್ಬಿಣಕ್ಕೆ ಅಂಟಿಕೊಂಡ ಫ್ಲೋರೈಡ್ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಸಲದ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತಪರೀಕ್ಷೆ) ನೋಡಿ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನಬೇಡಿ. ಏರುಪೇರು 3 ತಿಂಗಳು ಮೀರಿ ಉಳಿದಿರಬೇಕು.

ಎಷ್ಟು ಜನ ಬೇಕು? ಶೇ 30ರಷ್ಟು ಜನರಲ್ಲಿರಬಹುದಾದ ಕಾಯಿಲೆಯ ಪ್ರಮಾಣವನ್ನು, ಆಚೀಚೆ ಶೇ 5ರೊಳಗೆ, ಶೇ 95ರ ವಿಶ್ವಾಸದಲ್ಲಿ ಅಂದಾಜಿಸಲು 323 ಮಂದಿ. ಹತ್ತರಲ್ಲಿ ಒಬ್ಬರು ಬಿಟ್ಟುಹೋಗುತ್ತಾರೆಂದರೆ 359. ವಾರಕ್ಕೆ 6 ಮಂದಿ ಸಿಕ್ಕರೂ ವರ್ಷ ದಾಟುತ್ತದೆ. ನಂಟು ಹುಡುಕುವ ಹೋಲಿಕೆಗೆ ಲೆಕ್ಕವೇ ಬೇರೆ, ಅದನ್ನು ಸ್ಟಾಟಿಸ್ಟಿಷಿಯನ್ ಜೊತೆ ಕೂತು ಹಾಕಿ.

ಇನ್ನು ಪುರುಸೊತ್ತಿನ ಮಾತು. ನನ್ನ ಮಟ್ಟಿಗೆ ದುಡ್ಡಿಗಿಂತ ದೊಡ್ಡ ಕೊರತೆ ಇದೇ. ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಕೊಡುವ ಕೆ23 ತರಬೇತಿ ಅನುದಾನದಲ್ಲಿ ಯುವ ವೈದ್ಯರ ಕೆಲಸದ ವೇಳೆಯ ಶೇ 75 ಭಾಗ ಸಾಮಾನ್ಯವಾಗಿ ಸಂಶೋಧನೆಗೇ ಮೀಸಲು, 3ರಿಂದ 5 ವರ್ಷ. ಇಲ್ಲಿ ಅಷ್ಟು ಸಿಗದು. ವಾರಕ್ಕೆ ಒಂದು ಪೂರ್ತಿ ದಿನ, ಓಪಿಡಿ ಮತ್ತು ಕಾಲ್ ಡ್ಯೂಟಿ ಇಲ್ಲದೆ, ವಿಭಾಗದ ಮುಖ್ಯಸ್ಥರಿಂದ ಬರವಣಿಗೆಯಲ್ಲಿ ಪಡೆಯಿರಿ. ಅರ್ಧ ದಿನ ಕೇಳಬೇಡಿ, ಓಪಿಡಿ ಅದನ್ನು ನುಂಗಿಬಿಡುತ್ತದೆ.

ಗೈಡ್‌ರಿಂದ ಹದಿನೈದು ದಿನಕ್ಕೊಮ್ಮೆ 45 ನಿಮಿಷ ಕೇಳಿ, ಆರು ತಿಂಗಳ ತಾರೀಖು ಮೊದಲೇ ಗೊತ್ತು ಮಾಡಿ. ಎರಡು ದಿನ ಮುಂಚೆ ಒಂದು ಪುಟ ಕಳಿಸಿ: ಏನು ಮುಗಿಯಿತು, ಎಲ್ಲಿ ಸಿಕ್ಕಿಕೊಂಡಿದೆ, ಅವರು ಏನು ತೀರ್ಮಾನಿಸಬೇಕು. ಮೊದಲ ಲೇಖಕರು ಯಾರೆಂಬುದೂ ಮೊದಲ ಭೇಟಿಯಲ್ಲೇ ಇತ್ಯರ್ಥವಾಗಲಿ. ಮುಜುಗರವೆನಿಸಿದರೂ ಕೇಳಿ, ಆಮೇಲಿನ ಮನಸ್ತಾಪ ಇನ್ನೂ ಕಷ್ಟ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಬರುವ ತನಕ ಒಬ್ಬ ರೋಗಿಯ ಸ್ಯಾಂಪಲನ್ನೂ ಮುಟ್ಟಬೇಡಿ. ನೆಫ್ರಾಲಜಿಯವರು ಊರಲ್ಲಿ ಸಿಗದಿದ್ದರೆ ಬೆಂಗಳೂರಿನವರನ್ನು ಕೇಳಿ, ತಿಂಗಳಿಗೊಂದು ವಿಡಿಯೊ ಕಾಲ್ ಸಾಕು. ಬಯೋಕೆಮಿಸ್ಟ್ರಿಯವರು ಮಾತ್ರ ಕೋಲಾರದಲ್ಲೇ, ನಿಮ್ಮ ಲ್ಯಾಬ್‌ನಲ್ಲೇ ಇರಬೇಕು.