ಮೇದು ಬಂದ ಕುದುರೆಗೆ ಮುಖ ಊತ

ಪ್ರಶ್ನೆ: ಡಾಕ್ಟರೇ, ನಮ್ಮದು ಪಾಂಡವಪುರ ತಾಲ್ಲೂಕು. ಮದುವೆ ಮೆರವಣಿಗೆಗೆ ಅಂತ ಎರಡು ಕುದುರೆ ಸಾಕಿದ್ದೇವೆ. ಮಳೆ ಬಿದ್ದ ಮೇಲೆ ನಾಲೆ ಏರಿಯಲ್ಲಿ ಹುಲ್ಲು ಚೆನ್ನಾಗಿ ಬಂದಿದೆ. ಸಂಜೆ ಅಲ್ಲಿ ಗೂಟಕ್ಕೆ ಕಟ್ಟಿ ಬಂದರೆ, ಬೆಳಿಗ್ಗೆ ಹೊತ್ತಿಗೆ ಬಿಳಿ ಹೆಣ್ಣು ಕುದುರೆಯ ಕಿವಿ ಕೆಳಗೆ, ಕೆನ್ನೆ, ಗದ್ದ ಎಲ್ಲ ಊದಿರುತ್ತದೆ. ಲಾಯಕ್ಕೆ ತಂದರೆ ಮಧ್ಯಾಹ್ನಕ್ಕೆ ಇಳಿಯುತ್ತದೆ. ಹುರುಳಿ ತಿನ್ನುತ್ತದೆ, ಚುರುಕಾಗಿಯೂ ಇದೆ. ಇನ್ನೊಂದಕ್ಕೆ ಏನೂ ಆಗಿಲ್ಲ. ನಮ್ಮ ಹುಡುಗನಿಗೆ ಹೋದ ತಿಂಗಳು ಮಂಗನಬಾವು ಬಂದಿತ್ತು, ಅದೇ ಅಂಟಿದೆ ಅಂತಾರೆ ಮನೆಯಲ್ಲಿ. ಊರಿನ ಒಬ್ಬರು ಬರೆ ಹಾಕಿಸಿ ಅಂದರು. ನಾನು ಮೆಡಿಕಲ್ ಸ್ಟೋರಿನಿಂದ ನೋವಿನ ಇಂಜೆಕ್ಷನ್ ತಂದಿಟ್ಟಿದ್ದೇನೆ. ಕೊಡಲಾ?

ಉತ್ತರ: ಬೇಡ. ಬರೆಯೂ ಬೇಡ, ಇಂಜೆಕ್ಷನ್ನೂ ಬೇಡ.

ನೀವು ಬರೆದಿರುವುದರಲ್ಲಿ ನನಗೆ ಬೇಕಾದ ಮಾತು ಒಂದೇ: ಮಧ್ಯಾಹ್ನಕ್ಕೆ ಇಳಿಯುತ್ತದೆ. ಹಸಿ ಹುಲ್ಲಿಗೆ ಬಿಟ್ಟಾಗ ಬಂದು, ಲಾಯಕ್ಕೆ ತಂದ ಮೇಲೆ ತಾನಾಗೇ ಹೋಗುವ, ಎರಡೂ ಕಡೆ ಸಮನಾಗಿರುವ, ಮುಟ್ಟಿದರೆ ನೋವಿಲ್ಲದ ಊತಕ್ಕೆ ಔಷಧಿಯೇ ಬೇಕಿಲ್ಲ. ಕಿವಿ ಕೆಳಗೆ, ದವಡೆಯ ಹಿಂದೆ ಕುದುರೆಗೆ ದೊಡ್ಡ ಜೊಲ್ಲು ಗ್ರಂಥಿ ಇದೆ. ನಮಗೆ ಸಾರಿನ ವಾಸನೆಗೇ ಬಾಯಲ್ಲಿ ನೀರೂರುತ್ತೆ, ಅಲ್ವಾ? ಕುದುರೆಗೆ ಹಾಗಲ್ಲ, ಅಗಿಯುವಾಗ ಮಾತ್ರ ಈ ಗ್ರಂಥಿ ಜೊಲ್ಲು ಸುರಿಸುತ್ತದೆ. ದಿನಕ್ಕೆ 35–40 ಲೀಟರ್ ಆಗಬಹುದು. ಕೆಲವು ಕುದುರೆಗಳಿಗೆ ಹೊಸ ಹುಲ್ಲಿಗೆ ಬಿಟ್ಟ ತಕ್ಷಣ ಈ ಗ್ರಂಥಿ ಊದುತ್ತದೆ. ಒಮ್ಮೆ ಆದ ಕುದುರೆಗೆ ಮತ್ತೆ ಮತ್ತೆ ಆಗುತ್ತದೆ, ಪಕ್ಕದ್ದಕ್ಕೆ ಏನೂ ಆಗಲ್ಲ. ನಿಮ್ಮಲ್ಲೂ ಹಾಗೇ ಇದೆ.

ಕೆನ್ನೆ, ಗದ್ದದ ಊತಕ್ಕೆ ಇನ್ನೊಂದು ಕಾರಣವೂ ಸೇರಿರಬೇಕು. ಅದು ನಿಮ್ಮ ಗೂಟ. ಹಗ್ಗ ಎಷ್ಟು ಉದ್ದವೋ ಅಷ್ಟರೊಳಗೇ ಕುದುರೆ ರಾತ್ರಿಯೆಲ್ಲ ತಲೆ ತಗ್ಗಿಸಿ ಮೇಯುತ್ತದೆ. ಹತ್ತಿರದ ಹುಲ್ಲು ಗಿಡ್ಡವಾದಷ್ಟೂ ತಲೆ ಎತ್ತುವುದು ಕಮ್ಮಿ. ರಕ್ತವನ್ನು ತಳ್ಳುವುದಕ್ಕೆ ಹೃದಯ ಇದೆ. ಮಾಂಸದ ಸಂದಿಯಲ್ಲಿ ಸೇರುವ ನೀರಿಗೆ ಅಂಥದ್ದೇನೂ ಇಲ್ಲ, ಮೈ ಆಡಿದರೆ ಅದು ವಾಪಸ್ ಹೋಗುತ್ತದೆ. ರಾತ್ರಿ ಬಸ್ಸಲ್ಲಿ ಕಾಲು ಇಳಿಬಿಟ್ಟು ಕೂತು ಧರ್ಮಸ್ಥಳ ತಲುಪಿದಾಗ ಚಪ್ಪಲಿ ಬಿಗಿಯಾಗುತ್ತದಲ್ಲ, ಅದೇ ಕಥೆ. ಹೆಬ್ಬೆರಳಲ್ಲಿ ಊತವನ್ನು ಒತ್ತಿ ನೋಡಿ. ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ನಿಂತರೆ ಅದು ನೀರು. ತಲೆಗೆ ಹಾಕಿದ ಪಟ್ಟಿ ಬಿಗಿಯಾಗಿದ್ದರೆ ಅದರ ಕೆಳಗೆ ಇನ್ನೂ ಜಾಸ್ತಿ ಊದುತ್ತದೆ. ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು.

ಹುಡುಗನ ಮಂಗನಬಾವಿಗೂ ಇದಕ್ಕೂ ಸಂಬಂಧ ಇಲ್ಲ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್. ಪಾಪ, ಆ ಹುಡುಗನನ್ನು ಲಾಯದಿಂದ ದೂರ ಇಟ್ಟಿದ್ದರೆ ಒಳಗೆ ಬಿಡಿ.

ಇಂಜೆಕ್ಷನ್ ಯಾವುದು ಅಂತ ನೀವು ಬರೆದಿಲ್ಲ. ಡಿಕ್ಲೋಫೆನಾಕ್ ಆಗಿದ್ದರೆ ಅಂಗಡಿಗೆ ವಾಪಸ್ ಕೊಟ್ಟುಬಿಡಿ. ಜಾನುವಾರಿಗೆಂದು ಅದನ್ನು ತಯಾರಿಸುವುದನ್ನು ಸರ್ಕಾರ 2006ರಲ್ಲೇ ನಿಲ್ಲಿಸಿತು. ಆ ಮದ್ದು ಕೊಟ್ಟ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಲುಸಾಲಾಗಿ ಸತ್ತವು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರೋ ನಾಲ್ಕಾರು ಹಕ್ಕಿಗಾದರೂ ಕರುಣೆ ಇರಲಿ. ಇನ್ನು ಬರೆ. ನನ್ನ ಸರ್ವೀಸಿನಲ್ಲಿ ನೋಡಿದ ಬರೆಗಳಲ್ಲಿ ಹೆಚ್ಚಿನವು ತಾನಾಗೇ ವಾಸಿಯಾಗುವ ಊತದ ಮೇಲೆ ಹಾಕಿದವು. ಹೆಸರು ಬರೆ ಹಾಕಿದವನಿಗೆ, ಗಾಯ ಪ್ರಾಣಿಗೆ.

ಹಾಗಂತ ನಾಳೆಯಿಂದ ಯಾವ ಊತವನ್ನೂ ಲೆಕ್ಕಿಸಬೇಡಿ ಅಂತ ನಾನು ಹೇಳುತ್ತಿಲ್ಲ. ನನಗೆ ಭಯ ಇರುವುದು ಬೇರೆ ಕಡೆ. ನಾಲೆ ಏರಿ, ಪಕ್ಕದಲ್ಲಿ ಕಬ್ಬಿನ ಗದ್ದೆ, ರಾತ್ರಿ ಹೊತ್ತು. ಅದು ಕೊಳಕುಮಂಡಲ ಓಡಾಡುವ ಜಾಗ, ಓಡಾಡುವ ಹೊತ್ತು. ಮೇಯುವ ಕುದುರೆಗೆ ಹಾವು ಕಚ್ಚುವುದು ಹೆಚ್ಚಾಗಿ ಮೂತಿಗೆ. ಆಗ ಊತ ಒಂದು ಕಡೆಯಿಂದ ಶುರುವಾಗಿ ನೋಡನೋಡುತ್ತಲೇ ಏರುತ್ತದೆ. ಮುಟ್ಟಲು ಬಿಡಲ್ಲ. ಮೂಗಿಂದ ರಕ್ತ ಜಿನುಗಬಹುದು. ಹಲ್ಲಿನ ಗುರುತು ಕೂದಲಲ್ಲಿ ಕಾಣದೇ ಇರಬಹುದು, ಅದನ್ನು ಹುಡುಕುತ್ತಾ ಕೂರಬೇಡಿ. ಕುದುರೆ ಬಾಯಲ್ಲಿ ಉಸಿರಾಡಲಾರದು. ಮೂಗಿನ ಹೊಳ್ಳೆ ಊದಿ ಮುಚ್ಚಿದರೆ ವಿಷಕ್ಕಿಂತ ಮೊದಲು ಉಸಿರೇ ನಿಲ್ಲುತ್ತದೆ. ಡಾಕ್ಟರು ಬಂದರೆ ಮೊದಲು ಹೊಳ್ಳೆಗೆ ಕೊಳವೆ ಇಟ್ಟು ದಾರಿ ಉಳಿಸುತ್ತಾರೆ, ಆಮೇಲೆ ವಿಷದ ಮದ್ದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ನಮ್ಮ ದೇಶದಲ್ಲಿ ಒಂದೇ ಮದ್ದು. ಅದು ತಯಾರಾಗುವುದೂ ಕುದುರೆಯ ರಕ್ತದಿಂದಲೇ. ಡಾಕ್ಟರು ಬರುವವರೆಗೆ ನೀವು ಮಾಡಬೇಕಾದ್ದು ಇಷ್ಟು: ತಲೆಯ ಪಟ್ಟಿ ಬಿಚ್ಚಿ, ಕುತ್ತಿಗೆಗೆ ಸಡಿಲವಾಗಿ ಹಗ್ಗ ಹಾಕಿ, ನಡೆಸದೆ ಸುಮ್ನೆ ನಿಲ್ಲಿಸಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಕೊಯ್ಯುವುದು, ಕಟ್ಟುವುದು, ಸುಣ್ಣ ಬಳಿಯುವುದು ಯಾವುದೂ ಬೇಡ.

ಇನ್ನೊಂದು, ಜ್ವರ. ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ, ಮನುಷ್ಯರದ್ದೇ ಸಾಕು. ತುದಿಗೆ ಎಣ್ಣೆ ಸವರಿ, ಹಿಂದೆ ನಿಲ್ಲದೆ ಪಕ್ಕದಲ್ಲಿ ನಿಂತು, ಗುದದಲ್ಲಿಟ್ಟು ನೋಡಿ. 99ರಿಂದ 101.5 ಡಿಗ್ರಿವರೆಗೆ ಸರಿ. ಅದಕ್ಕಿಂತ ಜಾಸ್ತಿ ಇದ್ದು, ಗದ್ದದ ಕೆಳಗಿನ ಗಂಟು ಬಿಸಿಯಾಗಿ ನೋಯುತ್ತಿದ್ದರೆ, ಮೂಗಲ್ಲಿ ಕೀವಿನಂಥ ಸಿಂಬಳ ಇದ್ದರೆ ಅದು ಗಂಟಲುಬೇನೆ. ಸ್ಟ್ರಾಂಗಲ್ಸ್ ಅಂತೀವಿ. ಬೇಗ ಅಂಟುತ್ತದೆ. ಎರಡೂ ಕುದುರೆಯನ್ನು ಬೇರೆ ಮಾಡಿ, ಬಕೆಟ್ಟೂ ಬೇರೆ. ಮೆರವಣಿಗೆ ಒಪ್ಪಿಕೊಂಡಿದ್ದರೆ ರದ್ದು ಮಾಡಿ. ಅಡ್ವಾನ್ಸ್ ಹೋಗುತ್ತೆ, ಗೊತ್ತು. ಆದರೆ ಮೆರವಣಿಗೆಯಲ್ಲಿ ಬೇರೆಯವರ ಕುದುರೆಗಳೂ ಬಂದಿರುತ್ತವೆ.

ಸದ್ಯಕ್ಕೆ ಹೀಗೆ ಮಾಡಿ. ಹಗಲು ಮೇಯಿಸಿ, ಕತ್ತಲಾಗುವ ಮುಂಚೆ ಒಳಗೆ ತನ್ನಿ. ಗೂಟದ ಜಾಗ ಆಗಾಗ ಬದಲಿಸಿ. ನಡುವೆ ಅರ್ಧ ಗಂಟೆ ನಡೆಸಿ. ಲಾಯದಲ್ಲಿ ಒಣಹುಲ್ಲನ್ನು ಎದೆಮಟ್ಟಕ್ಕೆ ಕಟ್ಟಿ, ತಲೆ ಎತ್ತಿ ತಿನ್ನಲಿ. ಒಂದು ದಿನ ಕಳೆದರೂ ಇಳಿಯದಿದ್ದರೆ, ಅಥವಾ ಕಾಲಿಗೂ ಹೊಟ್ಟೆ ಕೆಳಗೂ ಊತ ಬಂದರೆ ಡಾಕ್ಟರನ್ನು ಕರೆಸಿ.

ಪ್ರಶ್ನೆ: ಮೈಸೂರಿನಲ್ಲಿ ಟಾಂಗಾ ಓಡಿಸುತ್ತೇನೆ. ಕುದುರೆಗೆ ವಯಸ್ಸಾಗಿದೆ. ಕಣ್ಣಿನ ಕೆಳಗೆ ಎಡಗಡೆ ಮಾತ್ರ ಊತ, ಅದೇ ಹೊಳ್ಳೆಯಲ್ಲಿ ನಾತ ಬರುವ ಸಿಂಬಳ. ಹುಲ್ಲನ್ನು ಅಗಿದು ಉಂಡೆ ಮಾಡಿ ಉಗುಳುತ್ತದೆ. ಇದೂ ಹುಲ್ಲಿನಿಂದ ಬಂದದ್ದೇ?

ಉತ್ತರ: ಅಲ್ಲ, ಇದು ಹಲ್ಲು. ಮೇಲಿನ ಹಿಂಬದಿ ದವಡೆ ಹಲ್ಲುಗಳ ಬೇರು ಕೆನ್ನೆ ಮೂಳೆಯೊಳಗಿನ ಪೊಳ್ಳು ಜಾಗದವರೆಗೂ ಇರುತ್ತದೆ. ಹಲ್ಲು ಕೊಳೆತರೆ ಕೀವು ಅಲ್ಲಿ ತುಂಬಿ ಅದೇ ಕಡೆಯ ಮೂಗಿನಿಂದ ಇಳಿಯುತ್ತದೆ. ಬರೀ ಆಂಟಿಬಯೋಟಿಕ್ ಕೊಟ್ಟರೆ ನಿಂತ ಹಾಗೆ ಆಗಿ ಮತ್ತೆ ಬರುತ್ತದೆ. ಬಾಯಿ ತೆರೆಸಿ ನೋಡಬೇಕು, ಎಕ್ಸ್‌ರೇ ಬೇಕು. ನಿಮ್ಮ ಪಶು ಆಸ್ಪತ್ರೆಯಲ್ಲಿ ಚೀಟಿ ಬರೆಸಿಕೊಂಡು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಹುರುಳಿಯನ್ನು ಚೆನ್ನಾಗಿ ಬೇಯಿಸಿ ಮಿದ್ದು, ಬೂಸಾದ ಜೊತೆ ನೀರು ಜಾಸ್ತಿ ಹಾಕಿ ಕೊಡಿ. ಕಡಿವಾಣ ಹಾಕಬೇಡಿ, ಗಾಡಿಗೂ ಕಟ್ಟಬೇಡಿ.