ಯೂನಿಟ್ ಟೆಸ್ಟ್‌ನಲ್ಲಿ ಎರಡು ಲಿಸ್ಟ್ ಹೋಲಿಸೋಕೆ ಎರಡನ್ನೂ ಸೆಟ್ ಮಾಡಿಕೊಂಡರೆ ಸಾಕಲ್ವಾ?

ಸಾಕಾಗಲ್ಲ. ಸೆಟ್ ಆರ್ಡರ್ ನೋಡಲ್ಲ, ಒಂದೇ ಐಟಂ ಎರಡು ಸಲ ಬಂದರೂ ಒಂದನ್ನೇ ಇಟ್ಟುಕೊಳ್ಳುತ್ತೆ. ಐಟಂ ಎಲ್ಲ ಅವೇ, ಆರ್ಡರ್ ಮಾತ್ರ ಬೇರೆ, ಅದಕ್ಕೇ ಎರಡೂ ಒಂದೇನಾ ಅಂತ ನೋಡುವ ಅಸರ್ಟ್‌ಈಕ್ವಲ್ಸ್ ಫೇಲ್ ಆಗ್ತಿದೆ ಅಂತ ಬರೆದಿದ್ದೀರಲ್ಲ, ಅದೇ ಮಾತನ್ನು ನಾನೂ ಒಂದು ಕಾಲದಲ್ಲಿ ಹೇಳಿ ಸರಿಯಾಗಿ ಬೈಸಿಕೊಂಡಿದ್ದೇನೆ.

ಆಗ ನಾನಿದ್ದ ಸಣ್ಣ ಕಂಪನಿ ಶಾಲೆಗಳಿಗೆ ಫೀಸ್ ಸಾಫ್ಟ್‌ವೇರ್ ಮಾಡುತ್ತಿತ್ತು. ಜಾವಾ, ಟೆಸ್ಟ್‌ಗೆ ಜೆಯೂನಿಟ್ 5 ಲೈಬ್ರರಿ. ಮಗುವಿನ ಐಡಿ ಕೊಟ್ಟರೆ ಫೀಸ್ ಚೀಟಿಯ ಸಾಲುಗಳನ್ನು ಲಿಸ್ಟ್ ಮಾಡಿ ಕೊಡುವ ಮೆಥಡ್ ನನ್ನದು. ಟೆಸ್ಟ್‌ನಲ್ಲಿ ಬರಬೇಕಾದ್ದು ಮೂರು ಸಾಲು: ಟ್ಯೂಷನ್ 18,000, ಲ್ಯಾಬ್ 1,500, ಬಸ್ 4,800. ರನ್ ಮಾಡಿದೆ, ಕೆಂಪು. ಮೆಸೇಜ್ ನೋಡಿದರೆ ಮೊದಲು ಟ್ಯೂಷನ್ ಇರಬೇಕಾದ ಕಡೆ ಬಸ್ ಕೂತಿದೆ. ಓ, ಆರ್ಡರ್ ಅಷ್ಟೇ ಅಂದುಕೊಂಡು ಎರಡನ್ನೂ ಜಾವಾದ ಸೆಟ್ ಆದ ಹ್ಯಾಶ್‌ಸೆಟ್‌ಗೆ ಹಾಕಿದೆ. ಹಸಿರು. ಮನೆಗೆ ಹೋದೆ.

ಆ ಮೆಸೇಜನ್ನು ನಾನು ಕೊನೇ ತನಕ ಓದಿರಲಿಲ್ಲ. ಒಂದೊಂದು ಐಟಂ ಮುಕ್ಕಾಲು ಸಾಲು ಉದ್ದ, ಬಲಗಡೆ ಸ್ಕ್ರೋಲ್ ಮಾಡಬೇಕಿತ್ತು, ಮಾಡಲಿಲ್ಲ. ಮಾಡಿದ್ದರೆ ಕಾಣುತ್ತಿತ್ತು: ಬಸ್, ಟ್ಯೂಷನ್, ಬಸ್, ಲ್ಯಾಬ್. ನಾಲ್ಕು! ಟೆಸ್ಟ್‌ನಲ್ಲಿದ್ದ ಮಗು ಬೆಳಗ್ಗೆ ಹತ್ತೋ ಸ್ಟಾಪ್ ಬೇರೆ, ಸಂಜೆ ಇಳಿಯೋ ಸ್ಟಾಪ್ ಬೇರೆ. ಡೇಟಾಬೇಸ್‌ನಿಂದ ಸಾಲು ತರೋ ನನ್ನ ಕ್ವೆರಿಯಲ್ಲಿ ಟೇಬಲ್‌ಗಳನ್ನು ಸೇರಿಸೋ ಜಾಯಿನ್ ಸ್ಟಾಪ್‌ಗೊಂದರಂತೆ ಬಸ್ ಫೀಸಿನ ಸಾಲನ್ನು ಎರಡು ಸಲ ತರುತ್ತಿತ್ತು. ಎರಡೂ ಸಾಲಿನ ಹೆಸರು, ಮೊತ್ತ ಒಂದೇ, ಕ್ಲಾಸಿನಲ್ಲಿ ಎರಡು ಐಟಂ ಒಂದೇನಾ ಅಂತ ಸೆಟ್‌ಗೆ ತಿಳಿಸೋ ಈಕ್ವಲ್ಸ್, ಹ್ಯಾಶ್‌ಕೋಡ್ ಸರಿಯಾಗಿಯೇ ಬರೆದಿದ್ದೆ, ಹಾಗಾಗಿ ಸೆಟ್ ಒಂದನ್ನು ಸುಮ್ನೆ ನುಂಗಿಹಾಕಿತು. ಅಂದರೆ ಟೆಸ್ಟ್ ನಿಜವಾದ ಬಗ್ಗನ್ನೇ ಹಿಡಿದು ಕೈಗೆ ಕೊಟ್ಟಿತ್ತು, ಅದರ ಬಾಯಿ ಮುಚ್ಚಿಸಿದವನು ನಾನು. ಜೂನ್‌ನಲ್ಲಿ ಚೀಟಿ ಪ್ರಿಂಟ್ ಆದಾಗ 4,800 ಒಂದರ ಕೆಳಗೊಂದು ಎರಡು ಸಲ. ಶಾಲೆ ಆಫೀಸಿನ ಮುಂದೆ ಅಪ್ಪಅಮ್ಮಂದಿರು. ಫೋನ್ ಬಂದಿದ್ದು ನನ್ನ ಮ್ಯಾನೇಜರ್‌ಗೆ, ಆಮೇಲಿನದ್ದು ನೀವೇ ಊಹಿಸಿ.

ಅದಕ್ಕೇ ಹೇಳೋದು, ಹೇಗೆ ಹೋಲಿಸಲಿ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಆ ಲಿಸ್ಟ್ ನೋಡೋರಿಗೆ ಆರ್ಡರ್ ಬೇಕಾ ಬೇಡವಾ? ನನ್ನದು ಪ್ರಿಂಟ್ ಆಗೋ ಚೀಟಿ, ಬೇಕೇ ಬೇಕು. ಕ್ವೆರಿಯಲ್ಲಿ ಕ್ರಮ ಹೇಳೋ ಆರ್ಡರ್ ಬೈ ಇರಲಿಲ್ಲ. ಅದಿಲ್ಲದಿದ್ದರೆ ಡೇಟಾಬೇಸ್ ಇಂಥದ್ದೇ ಕ್ರಮದಲ್ಲಿ ಕೊಡುತ್ತೆ ಅನ್ನೋ ಗ್ಯಾರಂಟಿ ಇಲ್ಲ. ರಿಪೇರಿ ಆಗಬೇಕಿದ್ದದ್ದು ಕೋಡ್, ನಾನು ಟೆಸ್ಟ್ ರಿಪೇರಿ ಮಾಡಿದ್ದೆ.

ನಿಜವಾಗಿಯೂ ಆರ್ಡರ್ ಬೇಡ ಅಂದರೆ ಅಸರ್ಟ್‌ಜೆ ಅನ್ನೋ ಜಾವಾ ಟೆಸ್ಟ್ ಲೈಬ್ರರಿಯ ಕಂಟೇನ್ಸ್‌ಎಕ್ಸಾಕ್ಟ್ಲಿಇನ್‌ಎನಿಆರ್ಡರ್ ಇದೆ. ಹೆಸರು ರೈಲಿನಷ್ಟು ಉದ್ದ, ಆದರೆ ಡೂಪ್ಲಿಕೇಟ್ ಲೆಕ್ಕ ಇಡುತ್ತೆ, ಯಾವುದು ಜಾಸ್ತಿ ಬಂತು ಅಂತಲೂ ಹೇಳುತ್ತೆ. ಪೈಥಾನ್‌ನವರಿಗೆ ಅಸರ್ಟ್‌ಕೌಂಟ್‌ಈಕ್ವಲ್. ಹೆಸರು ಕೇಳಿದರೆ ಬರೀ ಎಣಿಸುತ್ತೆ ಅನಿಸುತ್ತೆ, ಹಾಗಲ್ಲ, ಐಟಂಗಳನ್ನೂ ಹೋಲಿಸುತ್ತೆ. ಎರಡನ್ನೂ ಸಾರ್ಟ್ ಮಾಡಿ ಹೋಲಿಸಿದರೂ ತಪ್ಪೇನಿಲ್ಲ. ಜಾವಾದಲ್ಲಿ ಲಿಸ್ಟ್ ಡಾಟ್ ಆಫ್‌ನಿಂದ ಮಾಡಿದ, ಬದಲಾಯಿಸೋಕಾಗದ ಲಿಸ್ಟನ್ನು ನೇರವಾಗಿ ಸಾರ್ಟ್ ಮಾಡೋಕೆ ಹೋಗಬೇಡಿ, ಎಕ್ಸೆಪ್ಷನ್ ಬೀಳುತ್ತೆ, ಕಾಪಿ ಮಾಡಿಕೊಳ್ಳಿ. ಅಸರ್ಟ್‌ಟ್ರೂ ಒಳಗೆ, ಬೇಕಾದ್ದೆಲ್ಲ ಇದೆಯಾ ಅಂತ ಮಾತ್ರ ನೋಡುವ ಕಂಟೇನ್ಸ್‌ಆಲ್ ಹಾಕೋದು ಮಾತ್ರ ಬೇಡವೇ ಬೇಡ. ಬಂದ ಲಿಸ್ಟ್‌ನಲ್ಲಿ ಹತ್ತು ಐಟಂ ಜಾಸ್ತಿ ಇದ್ದರೂ ಪಾಸ್. ಫೇಲ್ ಆದರೂ ಟ್ರೂ ಬೇಕಿತ್ತು ಫಾಲ್ಸ್ ಬಂತು ಅಂತಷ್ಟೇ ಹೇಳುತ್ತೆ, ಅದನ್ನಿಟ್ಟುಕೊಂಡು ಏನು ಹುಡುಕ್ತೀರಾ?

ಅಂದಹಾಗೆ, ನೀವು ಪ್ರಶ್ನೆ ಜೊತೆ ಹಾಕಿರೋ ಫೇಲ್ ಮೆಸೇಜನ್ನು ಬಲಗಡೆ ತನಕ ಸ್ಕ್ರೋಲ್ ಮಾಡಿದೆ. ಬರಬೇಕಾದ್ದು 5 ಐಟಂ, ಬಂದಿರೋದು 6. ಎರಡು ಸಲ ಎಣಿಸಿದೆ.